ಎರಡು ಲಾಳಿಕೆ, ಒಂದು ಸೈಕಲ್ ಪಂಪು

ನನಗೆ ಆಗ ಇಪ್ಪತ್ತೇಳು ವರ್ಷ. ಬೀದರಿನ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಮನೆ ಭಾಲ್ಕಿಯಲ್ಲಿ. ಮನೆಯಲ್ಲಿ ನಾವು ಮೂವರು: ನಾನು, ಅಣ್ಣ ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ. ಅಣ್ಣ ಹನಿ ನೀರಾವರಿ ಸಾಮಾನಿನ ಅಂಗಡಿ ಇಟ್ಟಿದ್ದ. ವೈನಿ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ಅರ್ಧ ಭಾಲ್ಕಿಯ ಹೆಂಗಸರ ಅಳತೆ ಅವರ ಬಾಯಲ್ಲೇ ಇತ್ತು, ಆದರೆ ಒಬ್ಬರದನ್ನೂ ಇನ್ನೊಬ್ಬರ ಮುಂದೆ ಆಡಿದವರಲ್ಲ.

ಆ ವರ್ಷ ಔರಾದದ ಕಡೆಯಿಂದ ನನಗೊಂದು ಸಂಬಂಧ ಬಂತು. ಹುಡುಗನಿಗೆ ಔರಾದದಲ್ಲಿ ಸರ್ಕಾರಿ ನೌಕರಿ. ಅವನಿಗಿಂತ ಮೊದಲು ನನ್ನನ್ನು ನೋಡಲು ಬಂದವರು ಅವನ ಕಾಕು, ಚಿಕ್ಕಪ್ಪನ ಹೆಂಡತಿ. ಔರಾದದ ಹತ್ತಿರದ ಎಕಂಬಾ ಊರಿನವರು. ಎತ್ತರದ ಹೆಂಗಸು, ದೊಡ್ಡ ದನಿ, ಮೊಣಕಾಲು ನೋವು. ನನ್ನ ಡಿಗ್ರಿ ಕೇಳಿದರು, ಕಾಲೇಜಿನ ಬಗ್ಗೆ ಕೇಳಿದರು, ಎರಡು ತಟ್ಟೆ ಚುಡವಾ ತಿಂದರು. ಆಮೇಲೆ ನೀರು ಕುಡಿಯುವ ನೆಪದಲ್ಲಿ ವೈನಿಯ ಹಿಂದೆ ಅಡುಗೆಮನೆಗೆ ಹೋದರು. ಪಿಸುಮಾತು ಆಡುತ್ತಿದ್ದೇನೆಂದು ಅವರು ತಿಳಿದಿದ್ದರು. ಆದರೆ ಆ ದನಿ ಪಿಸುಮಾತಿಗೆ ಹುಟ್ಟಿದ್ದಲ್ಲ.

"ಹುಡುಗಿ ಶಾಣ್ಯಾಕಿ ಅದಾಳ, ನೌಕರಿನೂ ಅದ. ಖರೆ ನೋಡ್ರಿ, ಮುಂದಿನ ಬಾಜೂ ಯಾವುದು, ಹಿಂದಿನ ಬಾಜೂ ಯಾವುದು ಗೊತ್ತೇ ಆಗಂಗಿಲ್ಲ. ಪೂರಾ ಸಪಾಟ!"

ವೈನಿ ಏನೋ ಸಮಾಧಾನ ಹೇಳಿದರು. ನಾನು ಹೊರಗಿನ ಕೋಣೆಯಲ್ಲಿ ಕುಳಿತು ನನ್ನ ದುಪಟ್ಟಾವನ್ನು ನೋಡಿಕೊಂಡೆ. ಅದು ಗೋಡೆಗೆ ಹಾಕಿದ ಕ್ಯಾಲೆಂಡರಿನಂತೆ ನೇರವಾಗಿ ಇಳಿಬಿದ್ದಿತ್ತು.

ನಾನು ಅಳುವ ಪೈಕಿ ಅಲ್ಲ. ಸಿಟ್ಟು ಬಂದರೆ ಏನಾದರೂ ಬಿಚ್ಚುತ್ತೇನೆ ಅಥವಾ ಜೋಡಿಸುತ್ತೇನೆ. ಹುಡುಗನನ್ನು ಕರೆದುಕೊಂಡು ಮೂರು ವಾರಕ್ಕೆ ಮತ್ತೆ ಬರುತ್ತೇವೆಂದು ಕಾಕು ಹೇಳಿ ಹೋಗಿದ್ದರು. ಮರುದಿನ ಬೀದರಿಗೆ ಹೋಗುವ ಬಸ್ಸಿನಲ್ಲಿ ಫೋನು ತೆಗೆದು ಹುಡುಕಿದೆ. ಎಣ್ಣೆ, ಗುಳಿಗೆ, ಮೆಂತ್ಯದ ಲೇಪ, ಎಲ್ಲವೂ ಇದ್ದವು. ಅವುಗಳ ನಡುವೆ ಒಂದು ಯಂತ್ರ: ಎರಡು ಬಟ್ಟಲು, ಒಂದು ಕೊಳವೆ, ಒಂದು ಪಂಪು. ಬಟ್ಟಲಿನ ಒಳಗಿನ ಗಾಳಿ ಎಳೆದರೆ ಎದೆ ಉಬ್ಬುತ್ತದಂತೆ. ತರಿಸಿಕೊಳ್ಳುವಂತಿರಲಿಲ್ಲ. ನಮ್ಮ ಪಾರ್ಸೆಲ್ಲುಗಳೆಲ್ಲ ಅಣ್ಣನ ಅಂಗಡಿಗೇ ಬರುತ್ತವೆ, ಮತ್ತು ಅಣ್ಣ ತನ್ನದು ಪರರದು ಎನ್ನದೆ ಎಲ್ಲವನ್ನೂ ಒಡೆದು ನೋಡುತ್ತಾನೆ. ಆದರೆ ಚಿತ್ರ ನೋಡುತ್ತ ನೋಡುತ್ತ ನನಗೆ ನಗು ಬಂತು. ಇದನ್ನೇ ಅಲ್ಲವೇ ನಾನು ಆ ವಾರ ತರಗತಿಯಲ್ಲಿ ಕಲಿಸುತ್ತಿದ್ದದ್ದು, ವಾಯುಭಾರ, ನಿರ್ವಾತ? ಇಷ್ಟು ಮಾಡಲು ಬರದಿದ್ದರೆ ನಾನು ಎಂಎಸ್ಸಿ ಮಾಡಿದ್ದು ಯಾಕೆ?

ಸಂಜೆ ವೈನಿಗೆ ಹೇಳಿದೆ. ಅವರು ಹೊಲಿಗೆ ಯಂತ್ರದ ಚಕ್ರ ನಿಲ್ಲಿಸಿ ನನ್ನನ್ನು ದಿಟ್ಟಿಸಿದರು.

"ಹುಚ್ಚು ಹಿಡದದೇನು ತಂಗಿ? ನಾ ಒಳಗ ಎರಡು ಪದರ ಸ್ಪಂಜು ಹಾಕಿ ಬ್ಲೌಸ್ ಹೊಲದು ಕೊಡ್ತೇನಿ. ಮುಗೀತು."

"ಅದು ಸುಳ್ಳು ಆಗ್ತದಲ್ರಿ ವೈನಿ."

"ಮತ್ತ ಪಂಪು ಹೊಡದು ಊದಿಸೋದು ಖರೇನು?"

ಎಂದು ಮತ್ತೆ ಯಂತ್ರದ ಚಕ್ರ ತಿರುಗಿಸಿದರು. ಆದರೆ ಹತ್ತು ನಿಮಿಷದಲ್ಲಿ ವೈನಿಯೇ ಟೇಪು ಕೊರಳಿಗೆ ಹಾಕಿಕೊಂಡು ಬಂದು, "ಬಟ್ಟಲಾ ಎಷ್ಟು ಅಗಲ ಬೇಕು?" ಎಂದು ಕೇಳಿದರು.

ಬೀದರಿನಲ್ಲಿ ಚೌಬಾರಾ ಗೋಪುರದ ಹತ್ತಿರದ ಗಲ್ಲಿಯಲ್ಲಿ ಸೈಕಲ್ ರಿಪೇರಿ ಮಾಡುವ ಒಬ್ಬ ಚಾಚಾ ಇದ್ದರು. ಕಾಲೇಜು ಬಿಟ್ಟ ಮೇಲೆ ಅವರ ಬಳಿ ಹೋಗಿ ಒಂದು ಹಳೆಯ ಕೈಪಂಪು ಕೊಂಡೆ. ಒಳಗಿನ ತೊಗಲಿನ ವಾಶರ್ ಮತ್ತು ವಾಲ್ವನ್ನು ಉಲ್ಟಾ ಹಾಕಿಕೊಡಲು ಕೇಳಿದೆ. ಹಾಗೆ ಮಾಡಿದರೆ ಪಂಪು ಗಾಳಿ ತುಂಬುವ ಬದಲು ಎಳೆಯುತ್ತದೆ. ಚಾಚಾ ಕನ್ನಡಕ ಮೇಲೆತ್ತಿದರು.

"ಬೇಟಿ, ನಲವತ್ತು ಸಾಲ್ ಆಯ್ತು ಅಂಗಡಿ ಹಾಕಿ. ಹವಾ ತುಂಬಸ್ಲಿಕ್ಕ ಎಲ್ಲಾರು ಬರ್ತಾರ. ಹವಾ ಎಳಿಲಿಕ್ಕ ಬಂದಾಕಿ ನೀನೇ ಪೈಲಾ. ಎದಕ್ಕ ಬೇಕು?"

"ಕಾಲೇಜಿಗೆ ರೀ ಚಾಚಾ. ಪ್ರಯೋಗಕ್ಕ."

ಪ್ರಯೋಗ ಎಂಬ ಮಾತು ಸುಳ್ಳಾಗಿರಲಿಲ್ಲ. ಚಾಚಾ ಎಲ್ಲ ಜೋಡಿಸಿ, ಪಂಪಿನ ಬಾಯಿಯನ್ನು ತಮ್ಮ ಕೆನ್ನೆಗೆ ಹಚ್ಚಿ ಒಮ್ಮೆ ಎಳೆದರು. ಕೆನ್ನೆಯ ಮೇಲೆ ಸಣ್ಣ ಗುಂಡನೆಯ ಉಬ್ಬು ಮೂಡಿತು. "ಸಾಲಿಡ್!" ಎಂದರು.

ಬಟ್ಟಲಿನ ವಿಷಯದಲ್ಲಿ ಕಷ್ಟವಾಯಿತು. ಸ್ಟೀಲಿನದಾದರೆ ಒಳಗೆ ಏನಾಗುತ್ತಿದೆ ಕಾಣುವುದಿಲ್ಲ. ಐಸ್‌ಕ್ರೀಮಿನ ಪ್ಲಾಸ್ಟಿಕ್ ಬಟ್ಟಲು ಮೊದಲ ಎಳೆತಕ್ಕೇ ಚಟ್ಟನೆ ಒಳಗೆ ಮುದುಡಿತು. ಕೊನೆಗೆ ವೈನಿಗೆ ಹೊಳೆದದ್ದು ಲಾಳಿಕೆ. ಡಬ್ಬಿಗೆ ಎಣ್ಣೆ ಸುರಿಯಲು ಇಡುತ್ತಾರಲ್ಲ, ದಪ್ಪ ಪ್ಲಾಸ್ಟಿಕ್ಕಿನದು, ಆಚೆ ಈಚೆ ಕಾಣುವಂಥದ್ದು. ತುದಿಗೆ ಕೊಳವೆ ಸಿಕ್ಕಿಸಲು ಬರುತ್ತದೆ. ಒಂದೇ ಅಳತೆಯ ಎರಡು ತಂದೆವು. ಅಂಚು ಚುಚ್ಚದಿರಲಿ ಎಂದು ಸುತ್ತಲೂ ಸೀಳಿದ ರಬ್ಬರ್ ನಳಿಕೆ ಹಚ್ಚಿದೆವು. ಅಣ್ಣನ ಅಂಗಡಿಯಿಂದ ಹನಿ ನೀರಾವರಿಯ ತೆಳು ಪೈಪು, ಮೂರು ಬಾಯಿಯ ಜಾಯಿಂಟು ತಂದೆ. ಗಾಳಿ ಸೋರದಿರಲಿ ಎಂದು ಎಲ್ಲ ಕೀಲುಗಳಿಗೂ ಅಂಟು ಮೆತ್ತಿದೆ. ಒಣಗಿದ ಮೇಲೆ ನೋಡಿದರೆ ಎಷ್ಟು ಚೆಂದ ಕಾಣಿಸಿತೆಂದರೆ, ಇದನ್ನು ಯಾರಿಗೂ ತೋರಿಸಲು ಬರುವುದಿಲ್ಲವಲ್ಲ ಎಂದು ನಿಜಕ್ಕೂ ಬೇಸರವಾಯಿತು.

ರವಿವಾರ ಮಧ್ಯಾಹ್ನ ಹೊಲಿಗೆ ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಯೋಗ ಶುರು ಮಾಡಿದೆವು. ಚಿಲಕ ಹಾಕಲು ಇಬ್ಬರೂ ಮರೆತಿದ್ದೆವು. ವೈನಿ ಮೊದಲು ಅಳತೆ ತೆಗೆದು ಗ್ರಾಹಕರ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡರು. ನಾನು ಎರಡೂ ಲಾಳಿಕೆ ಒತ್ತಿ ಹಿಡಿದೆ. ವೈನಿ ಪಂಪನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ಎಳೆದರು. ಒಂದು. ಎರಡು. ಮೂರನೆಯ ಎಳೆತಕ್ಕೆ ನಾನು ಕೈ ಬಿಟ್ಟರೂ ಲಾಳಿಕೆಗಳು ಅಲ್ಲೇ ನಿಂತವು.

"ನಿಂತ್ವು ನೋಡ್ ತಂಗಿ!" ಎಂದು ವೈನಿ ಖುಷಿಯಲ್ಲಿ ಇನ್ನೂ ನಾಲ್ಕು ಹೊಡೆತ ಎಳೆದರು.

"ಸಾಕ್ರಿ ವೈನಿ, ಸಾಕ್ರಿ, ಜಗ್ಗಲಿಕ್ಹತ್ಯದ!"

"ಮತ್ತ ಹ್ಯಾಂಗ ಬಿಡಿಸೋದು?"

ಆಗ ನನಗೆ ತಿಳಿಯಿತು. ಗಾಳಿ ತೆಗೆಯುವುದನ್ನು ನಾನು ಎಲ್ಲ ಕೋನಗಳಿಂದ ಯೋಚಿಸಿದ್ದೆ. ಮತ್ತೆ ಒಳಗೆ ಬಿಡುವುದನ್ನು ಯೋಚಿಸಿಯೇ ಇರಲಿಲ್ಲ. ಕೊಳವೆ ಕೀಳೋಣವೆಂದರೆ ಅಂಟು ಕಲ್ಲಾಗಿತ್ತು. ಲಾಳಿಕೆ ಹಿಡಿದು ಎಳೆದರೆ ನಾನೇ ಅದರ ಜೊತೆ ಮುಂದಕ್ಕೆ ಬರುತ್ತಿದ್ದೆ. ವೈನಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕಷ್ಟೂ ನನಗೂ ನಗು ಬಂತು, ನಕ್ಕರೆ ಇನ್ನೂ ನೋಯುತ್ತಿತ್ತು.

ಅಷ್ಟರಲ್ಲಿ ಹೊರಗೆ ಅಣ್ಣನ ದನಿ ಕೇಳಿತು. "ಏ, ಯಾರರೆ ಮೂರು ಬಾಯಿ ಜಾಯಿಂಟ್ ತಗೊಂಡೀರೇನು? ಭಾತಂಬ್ರಾದ ಗಿರಾಕಿ ಕುಂತಾನ!"

ಬಾಗಿಲು ತೆರೆಯುವುದಕ್ಕೂ ವೈನಿ ನನ್ನ ಮೇಲೆ ಚಾದರ ಎಸೆಯುವುದಕ್ಕೂ ಸರಿಹೋಯಿತು. ಅಣ್ಣ ಒಳಗೆ ಬಂದು ನಿಂತ. ಚಾದರದ ಮುಂದೆ ಎರಡು ಚೂಪು ಗೋಪುರ ಎದ್ದಿದ್ದವು. ಅವನು ಅವುಗಳನ್ನು ನೋಡಿದ, ಗೋಡೆ ನೋಡಿದ, ಹೆಂಡತಿಯನ್ನು ನೋಡಿದ.

"ಏನದು?"

"ಬ್ಲೌಸಿನ ಹೊಸ ಡಿಸೈನ್. ಟ್ರಯಲ್ ನಡದದ," ಎಂದರು ವೈನಿ.

ಅಣ್ಣ ಗಂಭೀರವಾಗಿ ಯೋಚಿಸಿದ. "ಬ್ಯಾಡ. ಭಾಳ ಚೂಪ ಅದ. ಬಸ್ಸಿನಾಗ ಯಾರಿಗರೆ ಚುಚ್ಚೀತು," ಎಂದು ಹೇಳಿ, ಬಾಗಿಲು ಎಳೆದುಕೊಂಡು ಹೋದ.

ಕೊನೆಗೆ ಬಿಡಿಸಿದ್ದು ಒಂದು ಚಮಚ. ವೈನಿ ಅದರ ಹಿಡಿಕೆಗೆ ಕೊಬ್ಬರಿ ಎಣ್ಣೆ ಸವರಿ ರಬ್ಬರಿನ ಅಂಚಿನ ಕೆಳಗೆ ಮೆಲ್ಲಗೆ ತೂರಿಸಿದರು. ಪುಸ್ಸೆಂದು ಗಾಳಿ ಹೊಕ್ಕಿತು. ಎರಡೂ ಕಳಚಿ ಬಿದ್ದವು. ವೈನಿ ನನ್ನ ಕಣ್ಣೀರು ಒರೆಸುವ ಮೊದಲು ಟೇಪು ಹಿಡಿದು ಅಳೆದರು.

"ಅರ್ಧ ಇಂಚು ಬೆಳದದ!" ಎಂದು ಕೂಗಿದರು.

ಚಹಾ ಕುಡಿದು ಅಳೆದೆವು, ಕಾಲು ಇಂಚು. ಸಂಜೆ ಅಳೆದೆವು, ಏನೂ ಇಲ್ಲ. ಮರುದಿನಕ್ಕೆ ಉಳಿದದ್ದು ಎರಡು ಬದನೆಕಾಯಿ ಬಣ್ಣದ ಬಳೆ ಗುರುತು ಮತ್ತು ಒಂದು ಪಕ್ಕ ಸಣ್ಣ ಬೊಬ್ಬೆ. ವೈನಿ ಹೆದರಿ ಭಾಲ್ಕಿಯ ಲೇಡಿ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ನೋಡಿದರು, ಮುಲಾಮು ಬರೆದರು, ಆಮೇಲೆ ಪೆನ್ನು ಕೆಳಗಿಟ್ಟರು.

"ಯಂತ್ರ ಯಾರು ಮಾಡಿದ್ರು?"

"ನಾನೇ ರೀ."

"ಫಿಟಿಂಗ್ ಭಾರಿ ಅದ, ಗುರುತು ಪೂರಾ ಗುಂಡಗ ಬಂದದ. ಖರೆ ಇದು ಬೆಳದದ್ದಲ್ಲ ತಾಯಿ, ಊದಿದ್ದು. ಒಳಗಿನ ಸಣ್ಣ ರಕ್ತದ ನರ ಒಡಿತಾವ. ಇನ್ನೊಮ್ಮೆ ಹಾಕ್ಬ್ಯಾಡ್ರಿ."

ಪಂಪನ್ನು ಮಂಚದ ಕೆಳಗೆ ತಳ್ಳಿದೆ. ಅದು ಅಲ್ಲಿ ಎರಡೇ ದಿನ ಉಳಿಯಿತು. ಜಾಯಿಂಟು ಹುಡುಕುತ್ತ ಅಣ್ಣ ಅದನ್ನು ಹೊರಗೆಳೆದ. ಕಾಲೇಜಿನ ಪ್ರಯೋಗ ಎಂದೆ.

"ಎರಡು ಲಾಳಿಕಿ ಯಾಕ?"

"ಎರಡೂ ಕಡಿ ಒತ್ತಡ ಸಮ ಇರ್ತದ ಅಂತ ತೋರ್ಸಲಿಕ್ಕ."

ಅಣ್ಣನ ಮುಖ ಅರಳಿತು. "ಭಾರಿ ಮಾಡೀದಿ! ಖರೆ ಹವಾ ಬಿಡ್ಲಿಕ್ಕ ಏನೂ ಇಟ್ಟಿಲ್ಲಲ್ಲ, ಮಾಸ್ತರಿಣಿ?" ಎಂದು ಅಂಗಡಿಗೆ ಒಯ್ದು, ಕೊಳವೆಯ ನಡುವೆ ಒಂದು ಪುಟ್ಟ ವಾಲ್ವು ಕೂರಿಸಿ ತಂದ. ಪಂಪಿಗೆ ನೀಲಿ ಬಣ್ಣ ಬಳಿದ.

ಮೂರು ವಾರಕ್ಕೆ ಸರಿಯಾಗಿ ಕಾಕು ಹುಡುಗನ ಜೊತೆ ಬಂದರು. ನಾನು ವೈನಿ ಹೊಲಿದ ಬ್ಲೌಸಿನಲ್ಲಿ, ಸ್ಪಂಜಿಲ್ಲದೆ, ಚಹಾ ತೆಗೆದುಕೊಂಡು ಹೋದರೆ ನೆಲದ ಮೇಲೆ ಕಂಡದ್ದು ನನ್ನ ಯಂತ್ರ. ಅಣ್ಣ ಪಕ್ಕದಲ್ಲಿ ಮಂಡಿಯೂರಿ ವಿವರಿಸುತ್ತಿದ್ದ. "ನಮ್ಮ ತಂಗಿ ತಾನೇ ಮಾಡ್ಯಾಳ್ರಿ. ಹವಾ ಎಳೀತದ. ಎಲ್ಲಿ ಹಚ್ಚಿದರ ಅಲ್ಲಿ ಕಚ್ಚಿ ಹಿಡೀತದ." ವೈನಿ ಬಾಗಿಲ ಪರದೆಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದರು.

ಕಾಕು ಲಾಳಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬೀದರ್‌ದಾಗ ಬೆನ್ನಿಗಿ ಕಪ್ ಹಚ್ತಾರಲ್ಲ, ಹಂಗೇನು? ನೋವು ಎಳೀತದಂತ?"

"ಹೌದ್ರಿ, ಹಂಗೇ!" ಎಂದ ಅಣ್ಣ. ಅವನಿಗೆ ಏನೂ ಗೊತ್ತಿರಲಿಲ್ಲ.

"ಎರಡು ಅವ. ನನಗೂ ಮೊಣಕಾಲು ಎರಡು ಅವ," ಎಂದು ಕಾಕು ಸೀರೆ ಸ್ವಲ್ಪ ಮೇಲೆ ಸರಿಸಿ ಕಾಲು ಚಾಚಿದರು. ನಾನು ಬೇಡವೆಂದೆ, ಗುರುತು ಬೀಳುತ್ತದೆಂದೆ. ಅವರು ಕೇಳುವವರಲ್ಲ. ಅಣ್ಣನನ್ನು ಸರಿಸಿ ನಾನೇ ಪಂಪು ಹಿಡಿದು, ಎರಡೇ ಎರಡು ಸಣ್ಣ ಎಳೆತ ಎಳೆದೆ. ಲಾಳಿಕೆಗಳು ಮೊಣಕಾಲಿಗೆ ಟೋಪಿಯಂತೆ ಕೂತವು. ಕಾಕು ಕಣ್ಣು ಮುಚ್ಚಿದರು. "ಆಹಾ, ಎಳಿಲಿಕ್ಹತ್ಯದ ನೋಡು, ಎಳಿಲಿಕ್ಹತ್ಯದ," ಎಂದರು. ವೈನಿ ಒಳಗೆ ಓಡಿದರು.

ಲಾಳಿಕೆ ಇನ್ನೂ ಕಾಕುವಿನ ಕಾಲಿಗೆ ಇರುವಾಗಲೇ ಹುಡುಗನನ್ನೂ ನನ್ನನ್ನೂ ಮಾತಾಡಿಕೊಳ್ಳಲು ಮಾಳಿಗೆಗೆ ಕಳಿಸಿದರು. ಹುಡುಗ ಒಳ್ಳೆಯವನು. ನೌಕರಿ ಬಿಟ್ಟು ಔರಾದಕ್ಕೆ ಬರುತ್ತೀರೇನು ಎಂದು ಕೇಳಿದ. ಇಲ್ಲ ಎಂದೆ. ಅವನ ಭುಜ ಇಳಿಯಿತು, ಬೇಸರಕ್ಕಲ್ಲ, ಸಮಾಧಾನಕ್ಕೆ.

"ಖರೆ ಹೇಳ್ಬೇಕಂದ್ರ ನಾ ಇನ್ನೊಂದು ಪರೀಕ್ಷಾಕ್ಕ ಓದ್ಲಿಕ್ಹತ್ತೀನ್ರಿ. ಈಗ ಲಗ್ನ ಬ್ಯಾಡ ಅಂತ ಕಾಕುಗ ಹೇಳ್ಲಿಕ್ಕ ಧೈರ್ಯ ಆಗವಲ್ದು."

"ಈಗ ಹೇಳ್ರಿ. ಕಾಲಿಗಿ ಲಾಳಿಕಿ ಹತ್ಯಾವ, ಎದ್ದು ಬರ್ಲಿಕ್ಕ ಆಗಂಗಿಲ್ಲ," ಎಂದೆ.

ಅವನು ನಿಜವಾಗಿಯೂ ಕೆಳಗೆ ಹೋಗಿ ಹೇಳಿದ. ಕಾಕು ಒಂದು ನಿಮಿಷ ಬೈದರು, ಆಮೇಲೆ ಲಾಳಿಕೆ ಬಿಡಿಸಿಕೊಂಡು ಎದ್ದು ನಾಲ್ಕು ಹೆಜ್ಜೆ ನಡೆದರು, ನೋವು ಹಗುರಾಯಿತೆಂದರು, ಆಮೇಲೆ ಸಂಬಂಧದ ಮಾತೇ ಎತ್ತಲಿಲ್ಲ. ಹೊರಡುವಾಗ ಪಂಪನ್ನು ಚೀಲದಲ್ಲಿ ಹಾಕಿಕೊಂಡರು. ಸಂಬಂಧ ತಪ್ಪಿದ್ದಕ್ಕೆ ಮನೆಯಲ್ಲಿ ಯಾರಿಗೂ ದುಃಖವಾಗಲಿಲ್ಲ. ಅಣ್ಣ ಮಾತ್ರ ಎರಡು ದಿನ ಮಂಕಾಗಿದ್ದ, ಅದೂ ನೀಲಿ ಪಂಪು ಹೋಯಿತೆಂದು.

ತಿಂಗಳ ಮೇಲೆ ಕಾಕುವಿನ ಫೋನು ಬಂತು. "ವಾಶರ್ ಸವದದ. ಬಾ." ಒಂದು ರವಿವಾರ ಔರಾದದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಎಕಂಬಾಕ್ಕೆ ಹೋದೆ. ಅವರ ಕಟ್ಟೆಯ ಮೇಲೆ ಐದಾರು ಹೆಂಗಸರು ಮೊಣಕಾಲು ಸವರಿಕೊಳ್ಳುತ್ತ ಕೂತಿದ್ದರು. ಇದರಿಂದ ರೋಗ ವಾಸಿಯಾಗುವುದಿಲ್ಲ, ಜಾಸ್ತಿ ಎಳೆಯಬೇಡಿ, ದವಾಖಾನೆಗೆ ತೋರಿಸಿ ಎಂದು ಪಾಠ ಮಾಡಿದೆ. ನಮ್ಮ ವಿದ್ಯಾರ್ಥಿಗಳಂತೆಯೇ ಎಲ್ಲರೂ ತಲೆಯಾಡಿಸಿದರು, ಯಾರೂ ಕೇಳಲಿಲ್ಲ. ಅವರೆಲ್ಲ ಹೋದ ಮೇಲೆ ಕಾಕು ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸಿ ಕೇಳಿದರು.

"ಖರೆ ಹೇಳು. ಇದು ಕಾಲೇಜಿಂದಲ್ಲ. ಎದಕ್ಕ ಮಾಡಿದ್ದಿ?"

ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ಹೇಳಿಬಿಟ್ಟೆ. ಅಡುಗೆಮನೆಯಲ್ಲಿ ಅವರು ಆಡಿದ ಮಾತು ಕೇಳಿದ್ದನ್ನೂ ಹೇಳಿದೆ. ಕಾಕುವಿನ ಕೈ ರೊಟ್ಟಿಯ ಮೇಲೆ ನಿಂತಿತು. ಮುಖ ಕೆಂಪಾಯಿತು. ಅಷ್ಟು ದೊಡ್ಡ ದನಿಯ ಹೆಂಗಸು ಮೊದಲ ಬಾರಿಗೆ ನಿಜವಾಗಿ ಪಿಸುಗುಟ್ಟಿದರು.

"ತಪ್ಪಾಯ್ತು ಮಗಾ. ನನ್ನ ಲಗ್ನದಾಗ ನಾನೂ ಎರಡು ಹತ್ತಿ ಉಂಡಿ ಇಟ್ಕೊಂಡಿದ್ದೆ. ತಲಿ ಮ್ಯಾಲ ಅಕ್ಕಿಕಾಳು ಬೀಳೋ ಹೊತ್ತಿಗಿ ಒಂದು ಜಾರಿ ಸೊಂಟಕ್ಕ ಬಂತು. ನಮ್ಮತ್ತಿ ಎಲ್ಲಾರ ಮುಂದ, 'ಸೊಸಿಗಿ ಗಡ್ಡಿ ಎದ್ದದ, ಡಾಕ್ಟರಿಗಿ ಕರೀರಿ' ಅಂತ ಒದರಿದಳು."

ನಾನು ನಗಬಾರದೆಂದು ಬಹಳ ಪ್ರಯತ್ನಪಟ್ಟೆ. ಪುಂಡಿ ಪಲ್ಯ ನೆತ್ತಿಗೇರಿತು. ಕಾಕು ನನ್ನ ಬೆನ್ನಿಗೆ ಗುದ್ದುತ್ತ ತಾವೂ ನಗಲು ಶುರುಮಾಡಿದರು. ಆ ನಗುವಿಗೆ ಅಂಗಳದ ಕುರಿಗಳೆಲ್ಲ ಎದ್ದು ನಿಂತವು. ನಾನು ಮರಳಿ ಹತ್ತಬೇಕಿದ್ದ ಔರಾದದ ಬಸ್ಸು ಹಾರ್ನು ಹೊಡೆದು ಹೋದದ್ದು ಇಬ್ಬರಿಗೂ ಕೇಳಿಸಲಿಲ್ಲ.