ಊರ ಬಾಯಿಗೆ ಸಿಕ್ಕ ಜಡೆ

ಮೂವತ್ತು ತುಂಬುವ ಮೊದಲೇ ನನ್ನ ತಲೆ ಬೋಳಾಯಿತು. ಅದರಿಂದ ಆದ ನಷ್ಟವೇನು ಎಂದು ಕೇಳಿದರೆ, ಮನೆಯಲ್ಲಿ ಬಾಚಣಿಗೆ ಎಲ್ಲಿರುತ್ತದೆ ಎಂಬುದು ಮರೆತುಹೋಯಿತು, ಅಷ್ಟೆ. ಲಾಭಗಳೇ ಹೆಚ್ಚು. ತೆಲಂಗಾಣದ ಗಡಿಯ ಮಕ್ತಲ್‌ನ ನಮ್ಮ ಶಾಲೆಯಲ್ಲಿ ನನಗಿಂತ ಹಿರಿಯ ಮಾಸ್ತರರಿದ್ದಾರೆ. ಆದರೂ ಹೊಸಬರು ಬಂದರೆ ಮೊದಲ ನಮಸ್ಕಾರ ನನಗೇ. ರಾಯಚೂರು ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಡುತ್ತಾರೆ. ಗಂಡಸಿನ ಬೋಳುತಲೆಯನ್ನು ನಮ್ಮ ಜನ ಬುದ್ಧಿ ಎನ್ನುತ್ತಾರೆ, ಭಾಗ್ಯ ಎನ್ನುತ್ತಾರೆ; ಹೆಚ್ಚೆಂದರೆ ಒಂದು ಸಲ ನಗುತ್ತಾರೆ. ನಾನೂ ನಕ್ಕು ಮುಂದೆ ಹೋಗುತ್ತಿದ್ದೆ. ಕೂದಲ ವಿಷಯದಲ್ಲಿ ನನಗೆ ಸಿಟ್ಟು ಬರಲು ಶುರುವಾದದ್ದು ನನ್ನ ಹೆಂಡತಿ ಗಿರಿಜೆಯ ಕೂದಲು ಉದುರತೊಡಗಿದ ಮೇಲೆ.

ಹೋದ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಜ್ವರ ಬಂದಿತ್ತು. ಜ್ವರ ಬಿಟ್ಟು, ಮುಖಕ್ಕೆ ಕಳೆ ಬಂದು, ಗಂಡಾಂತರ ಕಳೆಯಿತೆಂದು ನಾವು ಉಸ್ಸೆಂದು ಕೂತಿದ್ದೆವು. ದೀಪಾವಳಿ ಕಳೆಯುತ್ತಲೇ ಕೂದಲು ಹಿಡಿ ಹಿಡಿಯಾಗಿ ಕೈಗೆ ಬರತೊಡಗಿತು. ದಿಂಬಿನ ಮೇಲೆ ಕೂದಲು, ಬಚ್ಚಲ ಜಾಲರಿಯಲ್ಲಿ ಕೂದಲು, ರೊಟ್ಟಿಯ ಹಿಟ್ಟಿನಲ್ಲೂ ಕೂದಲು. ಬೆನ್ನು ತುಂಬುತ್ತಿದ್ದ ಜಡೆ ಇಲಿಬಾಲದಂತಾಯಿತು. ಗಿರಿಜೆ ಕನ್ನಡಿಯ ಮುಂದೆ ನಿಲ್ಲುವುದನ್ನು ಬಿಟ್ಟಳು. ಮನೆಯೊಳಗೂ ಸೆರಗು ಹೊದ್ದು ಓಡಾಡತೊಡಗಿದಳು.

ಅವಳು ನಾರಾಯಣಪೇಟೆ ಸೀರೆಗಳಿಗೆ ಕುಚ್ಚು ಕಟ್ಟಿಕೊಡುತ್ತಾಳೆ. ಹೀಗಾಗಿ ನಮ್ಮ ಮನೆಗೆ ಹೆಂಗಸರ ಬರಹೋಗು ಜಾಸ್ತಿ. ಸೀರೆ ಕೊಡಲು ಬಂದವರು ಮೊದಲು ನೋಡುವುದು ಅವಳ ತಲೆಯನ್ನು. "ಅಯ್ಯ, ಎಂಥಾ ಜಡಿ ಇತ್ತಲ್ಲ ನಿಂದು!" ಆಮೇಲೆ ಉಪಚಾರ. ಒಬ್ಬಳು ಉಳ್ಳಾಗಡ್ಡಿ ರಸ ಎಂದಳು, ಇನ್ನೊಬ್ಬಳು ಮೆಂತೆ, ಮತ್ತೊಬ್ಬಳು ದಾಸವಾಳ. ನಮ್ಮ ಮನೆ ಒಂದು ವಾರ ಮಿರ್ಚಿ ಅಂಗಡಿಯಂತೆ ನಾರಿತು, ಮರುವಾರ ಉಪ್ಪಿನಕಾಯಿ ಭರಣಿಯಂತೆ. ಒಬ್ಬಳಂತೂ ಮೆಲ್ಲಗೆ ನನ್ನ ಕಡೆ ಕಣ್ಣು ಹೊರಳಿಸಿ, "ಗಂಡಂದ ಹತ್ತಿರಬೇಕು ನೋಡವ್ವ" ಎಂದಳು. ಬೋಳುತನ ಕಜ್ಜಿಯಂತೆ ಹರಡುತ್ತದೆ ಎಂಬ ಶೋಧಕ್ಕೆ ಅವಳಿಗೆ ಸನ್ಮಾನ ಮಾಡಬೇಕಿತ್ತು.

ಇಷ್ಟಾಗುವಾಗ ಗಿರಿಜೆಯ ಅಣ್ಣ ಗದ್ವಾಲದ ಕಡೆಯ ಶಾಂತಿನಗರದ ಪೇಟೆಯಿಂದ ಒಂದು ಶೀಶೆ ಎಣ್ಣೆ ತಂದ. ಹಚ್ಚಿದ ಮರುದಿನವೇ ನೆತ್ತಿ ಉರಿದು ಬೊಬ್ಬೆ ಎದ್ದವು. ಗಿರಿಜೆ ಒದ್ದೆ ಬಟ್ಟೆ ಕಟ್ಟಿಕೊಂಡು, ಗೋಡೆ ಕಡೆ ಮುಖ ಮಾಡಿ ಮಲಗಿದಳು. ಆ ಶೀಶೆ ಹಿಡಿದು ನಾನೇ ಶಾಂತಿನಗರಕ್ಕೆ ಹೋದೆ. ಅಂಗಡಿಯವನು ಶೀಶೆಯನ್ನು ತಿರುಗಿಸಿ ನೋಡಿ, ಒಂದಿಷ್ಟೂ ಅಳುಕದೆ ಹೇಳಿದ:

"ಮಾಲು ಬರೋಬ್ಬರಿ ಐತ್ರಿ ಸಾರ್. ನಂಬಿಕಿ ಇಲ್ದ ಹಚ್ಚಿದ್ರ ಹಿಂಗ ಆಗತೈತಿ."

"ಬೊಬ್ಬಿ ಎದ್ದಿದ್ದು ನೆತ್ತಿ ಮ್ಯಾಲಪ್ಪಾ, ನಂಬಿಕಿ ಮ್ಯಾಲಲ್ಲ!" ಎಂದು ನಾನು ಕಿರುಚಿದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿರಬೇಕು. ಜನ ಸೇರಿದರು. ಬೋಳುತಲೆಯವನು ಕೂದಲೆಣ್ಣೆಯ ಅಂಗಡಿಯ ಮುಂದೆ ಜಗಳಕ್ಕೆ ನಿಂತರೆ ನೋಡಿದವರು ಏನು ತಿಳಿಯಬೇಕೋ ಅದನ್ನೇ ತಿಳಿದರು. ಒಬ್ಬ ಹಿರಿಯರು ನನ್ನ ಭುಜ ತಟ್ಟಿ, "ಹೋಗ್ಲಿ ಬಿಡ್ರಿ, ನಿಮ್ದು ಟೈಮ್ ದಾಟೇತಿ" ಎಂದು ಸಮಾಧಾನ ಹೇಳಿದರು.

ಕೊನೆಗೆ ನಾರಾಯಣಪೇಟೆಯ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಗಿರಿಜೆಯ ನೆತ್ತಿಗೆ ಮುಲಾಮು ಬರೆದು, ರಕ್ತ ಪರೀಕ್ಷೆ ಮಾಡಿಸಿ, "ಭಯಪಡಕಂಡಮ್ಮಾ" ಎಂದು ತೆಲುಗಿನಲ್ಲಿ ಧೈರ್ಯ ಹೇಳಿದರು. ದೊಡ್ಡ ಜ್ವರ ಬಂದಾಗ ದೇಹ ತನ್ನ ಜೀವ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಕೂದಲಿನ ಕೆಲಸ ನಿಲ್ಲಿಸಿಬಿಡುತ್ತದಂತೆ. ಹಾಗೆ ನಿಂತ ಕೂದಲು ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತದೆ. ಬೇರು ಸತ್ತಿರುವುದಿಲ್ಲ, ಕಾಯಬೇಕು. ಮೈಯಲ್ಲಿ ರಕ್ತ ಕಡಿಮೆಯಿದೆ, ಅದಕ್ಕೆ ಗುಳಿಗೆ. ಬೇಳೆ, ಸೊಪ್ಪು, ಕಾಳು ಚೆನ್ನಾಗಿ ತಿನ್ನಬೇಕು. ಸಿಕ್ಕಿದ್ದನ್ನೆಲ್ಲ ತಲೆಗೆ ತಿಕ್ಕಬಾರದು. ಆಮೇಲೆ ಆಕೆ ನನ್ನ ತಲೆಯನ್ನು ನೋಡಿ, ಇದು ಅಪ್ಪ ಅಜ್ಜಂದಿರಿಂದ ಬಂದ ಬೇರೆ ಜಾತಿಯದು, ಇದಕ್ಕೆ ಕಾಯುವ ಅಗತ್ಯವಿಲ್ಲ ಎಂದರು. ಗಿರಿಜೆ ಬಹಳ ದಿನದ ಮೇಲೆ ನಕ್ಕಳು.

ಆ ನಗೆ ಗದ್ವಾಲದವರೆಗೆ ಬಾಳಿತು. ಅಲ್ಲಿ ನನ್ನ ಸೋದರತ್ತೆ ಈರಮ್ಮನ ಮನೆಯಲ್ಲಿ ಬಸುರಿ ಮಗಳು ಸುಮಾಳಿಗೆ ಕುಬಸದ ಕಾರ್ಯ. ಹಸಿರು ಬಳೆ ತೊಟ್ಟು ಸುಮಾ ಮಣೆಯ ಮೇಲೆ ಕೂತಿದ್ದಳು. ಗಿರಿಜೆ ಆರತಿ ತಟ್ಟೆ ಎತ್ತಿಕೊಂಡಾಗ ಸೆರಗು ಜಾರಿತು. ಈರಮ್ಮತ್ತೆ ಎಲ್ಲರೆದುರು ಕೈ ಅಡ್ಡ ಹಿಡಿದಳು.

"ಆ ತಟ್ಟಿ ಕೆಳಗಿಡು ತಂಗಿ. ಇಂಥಾ ತಲಿ ಇಟ್ಕೊಂಡು ಬಸುರಿ ಮುಂದ ನಿಂದ್ರಬಾರದು. ಮುತ್ತೈದಿ ಲಕ್ಷಣ ಏನೈತಿ ಇದ್ರಾಗ?"

ನಾನು ಕನ್ನಡ ಮಾಸ್ತರ. ನಮ್ಮ ಭಾಷೆ ಹೆಣ್ಣಿನ ಕೂದಲಿಗೆ ಮುಡಿ, ಹೆರಳು, ತುರುಬು, ಕುರುಳು, ಮುಂಗುರುಳು ಎಂದು ಎಷ್ಟೊಂದು ಹೆಸರಿಟ್ಟು ಮುದ್ದಾಡಿದೆ. ಆ ಕೂದಲು ಹೋಯಿತೋ, ಅದೇ ಭಾಷೆ ಅವಳಿಗೆ ಇಟ್ಟಿರುವುದು ಒಂದೇ ಶಬ್ದ, ಅದೂ ಬೈಗುಳ. ಗಂಡಸನ್ನು ಬೋಳ ಎಂದರೆ ತಮಾಷೆ. ಕೊನೆಯ ಅಕ್ಷರ ಒಂದಿಷ್ಟು ತಿರುಗಿದರೆ ಹೆಂಗಸಿಗೆ ಶಾಪ. ವಿಧವೆಯ ತಲೆ ಬೋಳಿಸುವ ಪದ್ಧತಿ ನಮ್ಮವರಲ್ಲಿ ಇರಲೇ ಇಲ್ಲ. ಅತ್ತೆ ಈ ಅಪಶಕುನವನ್ನು ಎಲ್ಲಿಂದ ಕಡ ತಂದಳೋ! ಇದನ್ನೆಲ್ಲ ಬಿಡಿಸಿ ಹೇಳುವಷ್ಟು ವ್ಯವಧಾನ ಆಗ ನನಗಿರಲಿಲ್ಲ. ಹೊಸ್ತಿಲಲ್ಲೇ ನಿಂತು ಗುಡುಗಿದೆ:

"ಅತ್ತಿ, ಮುತ್ತೈದಿ ಆಗಾಕ ಗಂಡ ಇರಬೇಕು. ನಾ ಇಲ್ಲೇ ಗುಂಡಕಲ್ಲಿನಂಗ ನಿಂತೀನಿ. ಕಾಣಸ್ತೀನಿಲ್ಲೋ?"

ಗಿರಿಜೆ ತಟ್ಟೆಯನ್ನು ಕೆಳಗಿಡಲು ಬಗ್ಗುವಷ್ಟರಲ್ಲಿ ಮಣೆಯ ಮೇಲಿಂದ ಸುಮಾ ಅಂದಳು:

"ಗಿರಿಜಕ್ಕನೇ ಬೆಳಗ್ಲಿ. ಇಲ್ಲಾಂದ್ರ ನಾ ಎದ್ದು ಹೋಗ್ತೀನಿ ನೋಡವ್ವ."

ಬಸುರಿ ಎದ್ದು ಹೋಗುವುದಕ್ಕಿಂತ ದೊಡ್ಡ ಅಪಶಕುನ ಯಾವುದಿದೆ? ಈರಮ್ಮತ್ತೆ ಕೈ ತೆಗೆದಳು. ಗಿರಿಜೆ ಸೆರಗನ್ನು ಮತ್ತೆ ತಲೆಗೆಳೆದುಕೊಳ್ಳದೆ ನಡುವಿಗೆ ಸಿಕ್ಕಿಸಿ, ಸಾವಕಾಶವಾಗಿ ಆರತಿ ಬೆಳಗಿದಳು. ಊಟಕ್ಕೆ ನಿಲ್ಲದೆ ಹೊರಡೋಣ ಎಂದು ನಾನು ಹಾರಾಡಿದೆ. ಅವಳು ಕೇಳಲಿಲ್ಲ, ಕೂತು, ಎರಡನೇ ಸಲ ಹೋಳಿಗೆ ಹಾಕಿಸಿಕೊಂಡು ಉಂಡಳು.

ಬೇಸಿಗೆ ಬರುವ ಹೊತ್ತಿಗೆ ಅವಳ ಬೈತಲೆಯ ಅಕ್ಕಪಕ್ಕ ಗರಿಕೆಯಂತೆ ಚಿಗುರುಗೂದಲು ಎದ್ದು ನಿಂತವು. ಸುಮಾಳ ಹೆರಿಗೆಯೂ ಸುಸೂತ್ರವಾಯಿತು, ಹೆಣ್ಣು ಕೂಸು. ಅದಾಗಿ ಎರಡು ಮೂರು ತಿಂಗಳಿಗೆ, ತೊಟ್ಟಿಲಿಗೆ ಹಾಕಿದಾಗ ನಾವು ತೆಗೆಸಿಕೊಂಡ ಫೋಟೋದಲ್ಲಿ ಗಿರಿಜೆಯ ಹೊಸ ಕೂದಲು ನೋಡಿ ಈರಮ್ಮತ್ತೆ ಅವಳಿಗೆ ಫೋನ್ ಮಾಡಿದಳು. ಹೆರಿಗೆಯಾದ ಮೇಲೆ ಸುಮಾಳ ಕೂದಲೂ ಬಹಳ ಉದುರುತ್ತಿವೆಯಂತೆ. ಮಗಳ ಕೂದಲೆಂದ ಕೂಡಲೇ ಅಪಶಕುನ ಹೋಗಿ ಕಾಯಿಲೆಯಾಗಿತ್ತು. ನನಗೆ ರೇಗಿತು, ಫೋನ್ ಕಿತ್ತುಕೊಳ್ಳಲು ಹೋದೆ. ಗಿರಿಜೆ ನನ್ನ ಕೈ ಸರಿಸಿ, ಹಡೆದವರಿಗೂ ಹೀಗಾಗುತ್ತದೆ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಮೆತ್ತಗೆ ಹೇಳಿದಳು.

"ಅದಿರ್ಲಿ, ನೀ ಯಾವ ಎಣ್ಣಿ ಹಚ್ಚಿದಿ ಹೇಳು" ಎಂದಳು ಅತ್ತೆ.

"ಏನೂ ಹಚ್ಚಿಲ್ರಿ ಅತ್ತಿ. ಗುಳಿಗಿ ನುಂಗಿ, ಹೊಟ್ಟಿತುಂಬ ಉಂಡು ಸುಮ್ನ ಇದ್ದೆ."

"ಸುಮ್ನ ಇದ್ರ ಕೂದ್ಲ ಬರ್ತಾವೇನು?"

"ನಾ ಒಬ್ಬಾಕಿ ಸುಮ್ನ ಇದ್ರ ಬರಂಗಿಲ್ರಿ. ಎಲ್ಲಾರೂ ಸುಮ್ನ ಇರಬೇಕು" ಎಂದಳು ಗಿರಿಜೆ, ನನ್ನ ಕಡೆಗೂ ಒಮ್ಮೆ ನೋಡಿ.