ಕೈಬಿಟ್ಟರೂ ನಿಲ್ಲದ ಕಲ್ಲು

ದೆವ್ವ, ಗಾಳಿ ಎಂದು ಮಾತೆತ್ತಿದ ವಿದ್ಯಾರ್ಥಿಗಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮಾಸ್ತರ ನಾನು. ಅವರಲ್ಲಿ ಯಾರಾದರೂ ಇದನ್ನು ಓದಿ ನಕ್ಕರೆ ಆ ಹಕ್ಕು ಅವರಿಗಿದೆ.

ನಿವೃತ್ತಿಯ ನಂತರ ಸಾಕ್ಷ್ಯಚಿತ್ರ ತೆಗೆಯಲು ಕಲಿತೆ. ಶಹಾಪುರದ ಬೆಟ್ಟಗಳ ಕುರಿತ ನನ್ನ ಮೊದಲ ಚಿತ್ರವನ್ನು ಯಾದಗಿರಿಯ ಪ್ರದರ್ಶನವೊಂದರ ಆಯ್ಕೆಗಾರರೊಬ್ಬರು ಅರ್ಧಕ್ಕೇ ನಿಲ್ಲಿಸಿದರು.

‘ಇದು ಪಿಕ್ಚರ್ ಅಲ್ರಿ ಮಾಸ್ತರ, ಪಾಠ. ಪರೀಕ್ಷಾ ಯಾವಾಗ ಇಟ್ಟೀರಿ?’ ಎಂದರು.

ಪಕ್ಕದವರು ನಕ್ಕರು. ಯಾರು ಯಾರು ನಕ್ಕರೆಂಬುದು ಇಂದಿಗೂ ನನಗೆ ನೆನಪಿದೆ. ಮುಂದಿನ ಚಿತ್ರದಲ್ಲಿ ನನ್ನ ದನಿಯ ಒಂದಕ್ಷರವೂ ಇರಬಾರದು, ಅದನ್ನು ಆ ಮನುಷ್ಯ ಕೊನೆಯವರೆಗೆ ನೋಡಬೇಕು ಎಂದು ನಿಶ್ಚಯಿಸಿದೆ.

ವನದುರ್ಗದ ಶರಣವ್ವನ ಬೀಸುವ ಹಾಡನ್ನು ಆರಿಸಿಕೊಂಡೆ. ಬೀಸುವಾಗ ಇಬ್ಬರು ಎದುರುಬದುರು ಕುಳಿತು ಬೀಸುಕಲ್ಲಿನ ಒಂದೇ ಗೂಟ ಹಿಡಿಯುತ್ತಾರೆ. ಒಬ್ಬಳು ಕೈಬಿಟ್ಟು ಜೋಳ ಹಾಕುವಾಗ ಇನ್ನೊಬ್ಬಳು ಕಲ್ಲು ತಿರುಗಿಸುತ್ತಿರುತ್ತಾಳೆ, ಹಾಡೂ ನಿಲ್ಲುವುದಿಲ್ಲ. ಶರಣವ್ವನ ಎದುರು ಕೂಡುತ್ತಿದ್ದ ನೆಗೆಣ್ಣಿ, ಅಂದರೆ ಓರಗಿತ್ತಿ, ತೀರಿಹೋಗಿದ್ದಳು. ಒಬ್ಬಳೇ ಬೀಸಿದರೆ ಪ್ರತಿ ಹಿಡಿ ಜೋಳಕ್ಕೂ ಕಲ್ಲು ನಿಂತು ಹಾಡು ತುಂಡಾಗುತ್ತಿತ್ತು. ಸೊಸೆಯನ್ನು ಎದುರು ಕೂರಿಸೋಣವೆಂದೆ.

‘ಆಕಿಗೆ ಗಿರಣಿ ಹಾದಿ ಅಷ್ಟ ಗೊತ್ತೈತ್ರಿ. ನೀವು ಸುಮ್ಮ ಕುಂದರ್ರಿ’ ಎಂದಳು ಶರಣವ್ವ.

ಕ್ಯಾಮೆರಾ ಚಾಲೂ ಮಾಡಿ ಕುಳಿತೆ. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ಕಲ್ಲಿನ ಮೇಲೆ ಬಿದ್ದಿತ್ತು. ಆಕೆ ಹಾಡುತ್ತಲೇ ಕೈಬಿಟ್ಟು ಜೋಳ ಹಾಕಿದಳು. ಕಲ್ಲು ನಿಲ್ಲಲಿಲ್ಲ. ವೇಗವೂ ಕುಗ್ಗಲಿಲ್ಲ. ಮತ್ತೊಂದು ಹಿಡಿ ಹಾಕಿ ಸೆರಗಿನಿಂದ ಬೆವರು ಒರೆಸಿಕೊಂಡಳು. ಕಲ್ಲು ತಿರುಗುತ್ತಲೇ ಇತ್ತು. ಎದುರಿನ ಜಾಗ ಖಾಲಿ. ನನ್ನ ದನಿ ಚಿತ್ರಕ್ಕೆ ಸೇರಬಾರದೆಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ. ಹಾಡು ಒಮ್ಮೆಯೂ ತುಂಡಾಗದೆ ಮುಗಿಯಿತು.

ಸುರಪುರದಲ್ಲಿ ಚಿತ್ರ ತೋರಿಸಿದಾಗ ಆ ಆಯ್ಕೆಗಾರರು ಮೊದಲ ಸಾಲಿನಲ್ಲಿದ್ದರು. ತೆರೆಯ ಮೇಲೆ ಶರಣವ್ವ ಹಾಡುತ್ತಿದ್ದಂತೆ ಹಿಂದೆ ಕುಳಿತಿದ್ದ ಹೆಂಗಸರೂ ದನಿಗೂಡಿಸಿದರು. ಚಿತ್ರ ಮುಗಿದ ಮೇಲೂ ಅವರು ಹಾಡುತ್ತಲೇ ಇದ್ದರು. ಸಭೆ ಎದ್ದು ನಿಂತಿತು, ಆಯ್ಕೆಗಾರರೂ ನಿಂತರು. ಆಮೇಲೆ ನನ್ನ ಬಳಿಗೇ ನಡೆದು ಬಂದರು.

‘ಖರೇ ಹೇಳ್ರಿ ಮಾಸ್ತರ, ಕಲ್ಲಿಗೆ ದಾರ ಎಲ್ಲಿ ಕಟ್ಟಿದ್ರಿ?’

‘ಕಟ್ಟಿಲ್ರಿ.’

‘ಮತ್ತ ಹೆಂಗ ತಿರುಗಿತು?’

ಈ ಸಲ ಕೇಳುವವರು ಅವರಾಗಿದ್ದರು, ಸುಮ್ಮನಿರುವವನು ನಾನಾಗಿದ್ದೆ. ಆ ಸುಖವನ್ನು ಮುಚ್ಚಿಡಲಾರೆ.

ಶರಣವ್ವನಿಗೂ ಆ ದೃಶ್ಯವನ್ನು ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, ‘ಅವತ್ತ ಹಿಟ್ಟು ಭಾಳ ಸಣ್ಣ ಬಂದಿತ್ರಿ’ ಎಂದಳು, ಅಷ್ಟೇ.

ಆ ಕಲ್ಲಿನ ಮುಂದೆ ನಾನೇ ಕುಳಿತು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಕೈಬಿಟ್ಟ ಕೂಡಲೇ ನಿಲ್ಲುತ್ತದೆ.