ನೀರು ಹಾಕಿ ತೋರಿಸಿದ ಕಂಪ್ಯೂಟರ್

ಹತ್ತೊಂಬತ್ತು ಸಾವಿರ ಹೇಳಿದ್ದನ್ನು ಹದಿನಾರೂವರೆಗೆ ಇಳಿಸಿದೆ. ಸೇಡಂನ ಕಂಪ್ಯೂಟರ್ ಅಂಗಡಿಯವನು ಚಹಾನೂ ಕುಡಿಸಿದ, ಒಗ್ಗದಿದ್ದರೆ ಏಳು ದಿನದೊಳಗೆ ವಾಪಸ್ ತಗೋತೀನಿ ಎಂದು ಮಾತೂ ಕೊಟ್ಟ. ಇಷ್ಟು ಸೋವಿ ಯಾಕೆಂದರೆ ಈ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಹೆಚ್ಚೇನೂ ಇರುವುದಿಲ್ಲ. ನಾವು ಬರೆದದ್ದು, ತೆಗೆದ ಫೋಟೊ, ಎಲ್ಲ ದೂರದ ಯಾವುದೋ ಯಂತ್ರದಲ್ಲಿ ಇರುತ್ತದೆ. ಇದು ಅದನ್ನು ನೋಡುವ ಕಿಟಕಿ ಅಷ್ಟೇ.

"ಎಲ್ಲಾ ಮೋಡದಾಗ ಇರ್ತದ್ರಿ, ಸಾವಕಾರ್ರ," ಅಂದ. ನನ್ನ ಹಳೆಯ ಯಂತ್ರದೊಳಗಿನದೆಲ್ಲ ಅಲ್ಲೇ ಕೂತು ಮೋಡಕ್ಕೆ ಏರಿಸಿಯೂ ಕೊಟ್ಟ.

ಮೂವತ್ತು ವರ್ಷ ರಾವೂರಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮಾರಿದವನು ನಾನು. ಮುಟ್ಟಲಿಕ್ಕೆ ಸಿಗದ ಮಾಲಿಗೆ ದುಡ್ಡು ಕೊಟ್ಟದ್ದು ಇದೇ ಮೊದಲು.

ರಾವೂರಿನಲ್ಲಿ ಓಣಿಗೊಬ್ಬ ಕಲ್ಲಿನ ವ್ಯಾಪಾರಿ. ಅದಕ್ಕೇ ತೆಲುಗು ಗಡಿಯ ಕಾಡಿನ ಊರು ಕುಂಚಾವರಂಗೆ ಬಂದೆ. ಅಲ್ಲಿ ಎಲೆಯ ಮೇಲೂ ಬಿಳಿ ಧೂಳು; ಇಲ್ಲಿ ಎಲೆ ಎಷ್ಟು ಹಸಿರೆಂದರೆ ಮೊದಲ ದಿನ ಬೆರಳಿನಿಂದ ಒರೆಸಿ ನೋಡಿದೆ. ಅಲ್ಲಿ ಜೋಳದ ರೊಟ್ಟಿ. ಇಲ್ಲಿ ಅನ್ನಕ್ಕೆ ಪಚ್ಚಿ ಪುಲುಸು, ಅಂದರೆ ಕುದಿಸದ ಹುಣಸೆ ಸಾರು. ಕಲ್ಲಿಗೆ ಇಲ್ಲಿಯವರು ರಾಯಿ ಅನ್ನುತ್ತಾರೆ. ಕೋಣೆ ಬಾಡಿಗೆಗೆ ಕೊಟ್ಟ ನರಸಮ್ಮ ಹಿತ್ತಲಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಳು. ಅವಳ ಮನೆಯ ನೆಲ ಹಾಸುವ ಕೆಲಸ ಸಿಕ್ಕರೆ ಊರೆಲ್ಲ ಅದನ್ನು ತುಳಿದು ನೋಡುತ್ತದೆ. ಸಿಗದಿದ್ದರೆ ನಾನು ಗಂಟು ಕಟ್ಟಬೇಕು.

"ಏಮಯ್ಯಾ, ರಾಯಿ ತೋರ್ಸು," ಅಂದಳು.

ಲ್ಯಾಪ್‌ಟಾಪ್ ತೆರೆದೆ. ನೆಲಕ್ಕೆ ಕಲ್ಲು ಜೋಡಿಸುವ ನಕ್ಷೆಗಳು ಬರಲಿಲ್ಲ. ತೆರೆಯ ಮೇಲೆ ಬರೀ ಚಕ್ರ ತಿರುಗಿತು. ಊರಿನಲ್ಲಿ ನೆಟ್ ಇಲ್ಲ.

"ನಿನ್ನ ಕಲ್ಲು ಭಿ ಹಿಂಗೇ ಗಾಳ್ಯಾಗ ಇರ್ತಾವೇನಯ್ಯಾ? ನಾಡ್ದು ತಾಂಡೂರಿಂದ ಕಲ್ಲಿನ ಲಾರಿ ಬರ್ತದ. ಅಲ್ಲಿ ತನ ಕಾಯ್ತೀನಿ ನೋಡು."

ನಾಚಿಕೆಯಾಯಿತು. ನಮ್ಮ ಧಂದೆಯಲ್ಲಿ ಗಿರಾಕಿ ಬಂದರೆ ಫರ್ಸಿಯ ಮೇಲೆ ಒಂದು ಚೊಂಬು ನೀರು ಸುರಿದು ತೋರಿಸುತ್ತೇವೆ. ಒದ್ದೆ ಕಲ್ಲು ಕನ್ನಡಿ. ಮನೆಗೆ ಒಯ್ದು ಒಣಗಿದ ಮೇಲೆ ಅದರ ನಿಜವಾದ ಬಣ್ಣ. ಆಯುಷ್ಯವೆಲ್ಲ ನೀರು ಸುರಿದ ನಾನೇ ಅಂಗಡಿಯವನ ನೆಟ್‌ನಲ್ಲಿ, ಒದ್ದೆ ಇದ್ದಾಗಲೇ ನೋಡಿ ಕೊಂಡಿದ್ದೆ.

ಮರುದಿನ ಬಸ್ ಹಿಡಿದು ಚಿಂಚೋಳಿ ದಾರಿಯ ದಿಬ್ಬದ ಮೇಲೆ ಇಳಿದೆ. ಅಲ್ಲಿ ಫೋನಿಗೆ ಸಿಗ್ನಲ್ ಬಂತು. ಅಂಗಡಿಯವನಿಗೆ ಫೋನ್ ಹಚ್ಚಿ, "ನಿನ್ನ ಡಬ್ಬಿ ನೀನೇ ಇಟ್ಕೋ," ಅಂದೆ.

"ಸಿಟ್ಟಾಗಬ್ಯಾಡ್ರಿ. ಬೇಕಾದ ನಕ್ಷೆ ಮೊದಲ ಇಳಿಸಿ ಇಟ್ಕೊಳ್ರಿ, ನೆಟ್ ಇಲ್ಲಂದ್ರೂ ತೆರೀತಾವ. ಬಾವಿ ದೂರ ಇದ್ರ ಮನ್ಯಾಗ ಕೊಡ ತುಂಬಿ ಇಡಂಗಿಲ್ಲೇನ್ರಿ?"

ಫೋನಿನ ನೆಟ್ ಲ್ಯಾಪ್‌ಟಾಪಿಗೆ ಕೊಟ್ಟೆ. ರಾವೂರಿನಲ್ಲಿ ಬರೆದ ನಕ್ಷೆಗಳು, ಗಣಿಯ ಫೋಟೊ, ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕುಳಿತ ಹೆಂಡತಿ, ಒಂದೊಂದಾಗಿ ಆ ಕಾಡಿನ ದಿಬ್ಬಕ್ಕೆ ಬಂದವು. ಲಾರಿ ಇಲ್ಲ, ಹಮಾಲಿ ಇಲ್ಲ, ಒಂದರ ಮೂಲೆಯೂ ಮುರಿದಿಲ್ಲ. ಇಂಥ ಸಾಗಾಟ ನಾನು ಹುಟ್ಟಿ ಕಂಡಿರಲಿಲ್ಲ. ಎರಡು ಬಸ್ ಬಿಟ್ಟು, ಬೇಕಾದ ನಕ್ಷೆಯೆಲ್ಲ ಇಳಿಸಿ ಇಟ್ಟುಕೊಂಡೆ.

ಸಂಜೆ ನರಸಮ್ಮನ ಮುಂದೆ ತೆರೆದೆ. ಅವಳು ಬೆರಳಿಟ್ಟಳು: "ಈ ಕರಿ ಅಂಚು ನನ್ನ ಸೀರಿ ಹಂಗ ಅದ. ಹಾಕು."

ತಾಂಡೂರಿನ ಲಾರಿ ನಮ್ಮ ಬಾಗಿಲಲ್ಲಿ ನಿಲ್ಲಲಿಲ್ಲ. ಏಳನೆಯ ದಿನ ನಾನು ಸೇಡಂಗೆ ಹೋಗಲಿಲ್ಲ.

ಈಗ ರಾವೂರಿಗೆ ಹೋದರೆ ಪಚ್ಚಿ ಪುಲುಸು ನೆನಪಾಗುತ್ತದೆ. ಇಲ್ಲಿ ಮಧ್ಯಾಹ್ನದ ಗಣಿ ಸಿಡಿತ ಕೇಳದೆ ಊಟದ ಹೊತ್ತೇ ತಿಳಿಯುವುದಿಲ್ಲ.

ನೀವೂ ಇಂಥದ್ದು ಕೊಳ್ಳುವುದಾದರೆ ನೀವು ಮಲಗುವ ಕೋಣೆಗೆ ಒಯ್ದು, ನೆಟ್ ಬಂದ್ ಮಾಡಿ, ಒಣಗಿಸಿ ನೋಡ್ರಿ. ಪತ್ರ, ಫೋಟೊ, ನಕ್ಷೆಗೆ ಧಾರಾಳ ಸಾಕು. ಹಳೆಯ ಸಿಡಿಯಿಂದ ಹಾಕಿದ ಪ್ರೋಗ್ರಾಮೇ ಬೇಕೆಂದರೆ ಇದರ ಗೊಡವೆ ಬೇಡ. ಪಾಸ್‌ವರ್ಡ್ ಮಾತ್ರ ಎರಡು ಚೀಟಿಯಲ್ಲಿ ಬರೆದು ಎರಡು ಕಡೆ ಇಡ್ರಿ. ನನ್ನದು ಒಂದು ರಾವೂರಿನ ದೇವರ ಜಗಲಿಯ ಮೇಲಿದೆ, ಇನ್ನೊಂದು ನರಸಮ್ಮನ ಅಕ್ಕಿ ಡಬ್ಬಿಯಲ್ಲಿ. ಯಾವುದು ಮನೆ ಎಂದು ಇನ್ನೂ ತೀರ್ಮಾನಿಸದವನ ಕೀಲಿ ಎರಡೂ ಕಡೆ ಇರಬೇಕು.